ಫೋನ್ ಪ್ರಶ್ನೋತ್ತರ: ಡಬ್ಬದ ಮೇಲೆ ಬರೆಯದ ಸಂಗತಿಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಥರ. ಎರಡು ಫೋನು, ಒಂದು ಬಜೆಟ್ಟು, ಯಾವುದು ತಗೊಳ್ಳಲಿ? ಎಲ್ಲಕ್ಕೂ ಉತ್ತರಿಸಲು ಜಾಗ ಸಾಲದು. ನಾಲ್ಕು ಜನಕ್ಕೆ ಉಪಯೋಗವಾಗುವಂಥವನ್ನು ಆರಿಸಿದ್ದೇನೆ.

ಪ್ರಶ್ನೆ: ರೆಡ್ಮಿ ನೋಟ್ 13 ಪ್ರೊ ಕ್ಯಾಮೆರಾ 200 ಮೆಗಾಪಿಕ್ಸೆಲ್. ಐಫೋನ್ 15ರದ್ದು ಬರೀ 48. ಬೆಲೆ ನೋಡಿದರೆ ಉಲ್ಟಾ! 'ಅಪ್ಪಾ, ಇದು ನಾಲ್ಕು ಪಟ್ಟು ಒಳ್ಳೇದು' ಅಂತ ಮಗ ಹಟ ಹಿಡಿದಿದ್ದಾನೆ. ನಿಜವಾ?
— ಶಾಲಾ ಶಿಕ್ಷಕರು, ಹಾಸನ

ಉತ್ತರ: ಮಗನ ಲೆಕ್ಕ ಸರಿ ಮೇಷ್ಟ್ರೇ, ತೀರ್ಮಾನ ಸರಿಯಿಲ್ಲ. ಆ ರೆಡ್ಮಿಯಲ್ಲಿರುವುದು ಸ್ಯಾಮ್‌ಸಂಗ್ ಮಾಡುವ ಎಚ್‌ಪಿ3 ಎಂಬ ಸೆನ್ಸರ್ (ಬೆಳಕು ಹಿಡಿಯುವ ಚಿಪ್ಪು). ಒಂದೊಂದು ಪಿಕ್ಸೆಲ್ ಅಗಲ 0.56 ಮೈಕ್ರಾನ್. ಅಷ್ಟು ಚಿಕ್ಕದರ ಮೇಲೆ ಬೀಳುವ ಬೆಳಕು ಎಷ್ಟಿದ್ದೀತು? ಅದಕ್ಕೇ ಫೋನು 16 ಪಿಕ್ಸೆಲ್‌ಗಳನ್ನು ಸೇರಿಸಿ ಒಂದು ಮಾಡುತ್ತದೆ. ಕೊನೆಗೆ ನಿಮ್ಮ ಗ್ಯಾಲರಿಗೆ ಬರುವುದು 12.5 ಮೆಗಾಪಿಕ್ಸೆಲ್ ಫೋಟೋ. ಐಫೋನ್ 15 ಮಾಮೂಲಿಯಾಗಿ ಕೊಡುವುದು 24ರದ್ದು. ಇದೇ ಆ್ಯಪಲ್ 2015ರಿಂದ ಎಷ್ಟೋ ವರ್ಷ 12 ಮೆಗಾಪಿಕ್ಸೆಲ್‌ನಲ್ಲೇ ಕೂತಿತ್ತು, ಆಗಲೂ ಜನ ಅದರ ಫೋಟೋ ಹೊಗಳುತ್ತಲೇ ಇದ್ದರು.

ಹಾಗಂತ ರೆಡ್ಮಿಯನ್ನು ತಳ್ಳಿಹಾಕಬೇಡಿ. ಸೆನ್ಸರ್ ಗಾತ್ರದಲ್ಲಿ ಅದು ಐಫೋನ್ 15ಕ್ಕಿಂತ ಚಿಕ್ಕದೇನೂ ಅಲ್ಲ, ಕೈ ಅಲುಗಾಟ ತಡೆಯುವ ಓಐಎಸ್ ಕೂಡ ಇದೆ. ಬಿಸಿಲಲ್ಲಿ ಮುಖ್ಯ ಕ್ಯಾಮೆರಾದ ಫೋಟೋ ಚೆನ್ನಾಗಿಯೇ ಬರುತ್ತದೆ. ವ್ಯತ್ಯಾಸ ಗೊತ್ತಾಗುವುದು ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಹಾಕದ ಕಡೆ. ಉಳಿದ ಎರಡು ಕ್ಯಾಮೆರಾಗಳಲ್ಲಿ ಒಂದು 8, ಇನ್ನೊಂದು 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ (ತೀರಾ ಹತ್ತಿರದಿಂದ ತೆಗೆಯಲಿಕ್ಕೆ). ಈ ಎರಡನೆಯದು ಇರುವುದು ಸುಮ್ನೆ 'ಮೂರು ಕ್ಯಾಮೆರಾ' ಅಂತ ಬರೆಯಲಿಕ್ಕೆ ಅಂತಲೇ ನನ್ನ ಅನಿಸಿಕೆ. 4ಕೆ ವಿಡಿಯೋ ರೆಡ್ಮಿಯಲ್ಲಿ ಸೆಕೆಂಡಿಗೆ 30 ಫ್ರೇಮ್, ಐಫೋನಿನಲ್ಲಿ 60.

ಅಂಗಡಿಯಲ್ಲಿ ಹೀಗೆ ಮಾಡಿ: ಟ್ಯೂಬ್‌ಲೈಟಿನ ಕೆಳಗೆ ಫೋಟೋ ತೆಗೆದು ಖುಷಿಪಡುವ ಬದಲು ಕೌಂಟರಿನ ಆಚೆ ಕತ್ತಲಿರುವ ಮೂಲೆಗೆ ಹೋಗಿ, ಮಗನಿಗೆ ಕೈ ಬೀಸೋಕೆ ಹೇಳಿ ಎರಡರಲ್ಲೂ ಒಂದೊಂದು ತೆಗೆದು, ಆಮೇಲೆ ಬೆರಳುಗಳನ್ನು ಹಿಗ್ಗಿಸಿ ನೋಡಿ. ಬೆರಳು ಬೆರಳಾಗಿ ಕಾಣುತ್ತಾ, ಕಲಸಿಹೋಗಿದೆಯಾ? ಮಗ ಅಲ್ಲೇ ಒಪ್ಪುತ್ತಾನೆ.

ಪ್ರಶ್ನೆ: ಒಂದು ಫೋನಿನಲ್ಲಿ '8 ಪ್ಲಸ್ 8, ಒಟ್ಟು 16 ಜಿಬಿ ರ‍್ಯಾಮ್' ಅಂತಿದೆ. ಇನ್ನೊಂದರಲ್ಲಿ 8 ಮಾತ್ರ. ಬೆಲೆ ಒಂದೇ. ಮೊದಲನೆಯದೇ ಲಾಭ ಅಲ್ವಾ?
— ಬಿಎಸ್ಸಿ ವಿದ್ಯಾರ್ಥಿನಿ, ಗದಗ

ಉತ್ತರ: ಅಲ್ಲ. ಅದರಲ್ಲಿ ನಿಜವಾದ ರ‍್ಯಾಮ್ 8 ಜಿಬಿಯೇ. ಇನ್ನೊಂದು 8 ಅಂದರೆ ಸ್ಟೋರೇಜಿನಲ್ಲಿ ಒಂದು ಭಾಗವನ್ನು ರ‍್ಯಾಮ್ ಥರ ಬಳಸುವುದು. ಅಡುಗೆ ಕಟ್ಟೆಯಲ್ಲಿ ಜಾಗ ಸಾಲದೆ ಅರ್ಧ ಸಾಮಾನನ್ನು ಉಗ್ರಾಣದಲ್ಲಿ ಇಟ್ಟ ಹಾಗೆ. ಇಟ್ಟಿರುವುದು ನಿಜ, ಆದರೆ ಪ್ರತಿ ಸಲ ಎದ್ದು ಹೋಗಿ ತರಬೇಕು. ಇನ್ನೊಂದು ಫೋನಿನ ಸೆಟ್ಟಿಂಗ್ಸ್‌ನಲ್ಲೂ ಇದೇ ಸೌಲಭ್ಯ ಇರಬಹುದು, ಡಬ್ಬದ ಮೇಲೆ ಹಾಕಿಲ್ಲ ಅಷ್ಟೇ.

ನೀವು ಕೇಳದೆ ಬಿಟ್ಟ ಪ್ರಶ್ನೆ ಇದಕ್ಕಿಂತ ಮುಖ್ಯ: ಸ್ಟೋರೇಜ್ ಯಾವ ಜಾತಿಯದು? 128 ಜಿಬಿ ಅಂತ ಎಲ್ಲರೂ ಬರೆಯುತ್ತಾರೆ, ಅದು ನಿಧಾನದ ಇಎಂಎಂಸಿಯೋ ವೇಗದ ಯುಎಫ್‌ಎಸ್ಸೋ ಅಂತ ಅಗ್ಗದ ಫೋನಿನವರು ಹೇಳುವುದೇ ಕಡಿಮೆ. ಇಎಂಎಂಸಿ 5.1ಕ್ಕೆ ಸೆಕೆಂಡಿಗೆ 400 ಎಂಬಿ ಮಿತಿ. ಯುಎಫ್‌ಎಸ್ 2.2ಕ್ಕೆ ಸುಮಾರು 1200. ಯುಎಫ್‌ಎಸ್ 4.0 ಆದರೆ ಓದುವ ವೇಗ 4000 ದಾಟುತ್ತದೆ. ಇವೆಲ್ಲ ಕಾಗದದ ಮೇಲಿನ ಅಂಕಿ ನಿಜ, ಆದರೂ ಎರಡು ವರ್ಷ ಕಳೆದು ಸ್ಟೋರೇಜ್ ತುಂಬಿದ ಮೇಲೆ, ಹಿಂದೆ ಆ್ಯಪ್ ಅಪ್‌ಡೇಟ್ ಆಗುತ್ತಿರುವಾಗ ಮುಂದೆ ಯುಪಿಐ ತೆರೆಯೋಕೆ ಹೋದರೆ ಫೋನು ಉಸಿರು ಕಟ್ಟಿದ ಹಾಗೆ ನಿಲ್ಲುತ್ತದಲ್ಲ, ಅದಕ್ಕೆ ಎಷ್ಟೋ ಸಲ ಕಾರಣ ಇದೇ. ಎರಡರಲ್ಲಿ ಒಂದು ಇಎಂಎಂಸಿ ಆಗಿದ್ದರೆ ಇನ್ನೊಂದನ್ನು ತಗೊಳ್ಳಿ.

ಪ್ರಶ್ನೆ: ತೋಟದ ಮನೆ. ಮನೆಯಲ್ಲಿ ಏರ್‌ಟೆಲ್ ಸಿಮ್. ಹತ್ತು ಸಾವಿರದೊಳಗೆ 5ಜಿ ಫೋನ್ ಬೇಕು. 5ಜಿ ಅಂದರೆ ಎಲ್ಲಾ ಒಂದೇ ತಾನೇ?
— ಅಡಿಕೆ ಬೆಳೆಗಾರರು, ಸಿದ್ದಾಪುರ

ಉತ್ತರ: ಒಂದೇ ಅಲ್ಲ ಹೆಗಡೆರೇ (ಸಿದ್ದಾಪುರ ಅಂದಮೇಲೆ ಊಹಿಸಿದೆ, ತಪ್ಪಿದ್ದರೆ ಬೇಜಾರಾಗಬೇಡಿ). 5ಜಿಯಲ್ಲಿ ಎರಡು ಬಗೆ. ಒಂದು ಪೂರ್ತಿ ತನ್ನ ಕಾಲ ಮೇಲೆ ನಿಲ್ಲುವುದು, ಅದಕ್ಕೆ ಎಸ್‌ಎ ಅನ್ನುತ್ತಾರೆ. ಇನ್ನೊಂದು 4ಜಿಯ ಆಸರೆಯಲ್ಲಿ ನಡೆಯುವುದು, ಎನ್‌ಎಸ್‌ಎ. 2022ರಲ್ಲಿ ಜಿಯೋ ಮೊದಲನೆಯದನ್ನು ಹಿಡಿಯಿತು, ಏರ್‌ಟೆಲ್ ಎರಡನೆಯದರಿಂದ ಶುರು ಮಾಡಿತು. ಎರಡೂ ಬರುವ ಫೋನಾದರೆ ತಲೆನೋವಿಲ್ಲ. ಆದರೆ 2024ರ ನವೆಂಬರ್‌ನಲ್ಲಿ ಬಂದ ರೆಡ್ಮಿ ಎ4 5ಜಿ ನೋಡಿ. ಅದರೊಳಗಿನ ಸ್ನ್ಯಾಪ್‌ಡ್ರ್ಯಾಗನ್ 4ಎಸ್ ಜೆನ್ 2 ಚಿಪ್ಪಿಗೆ ಎಸ್‌ಎ ಮಾತ್ರ ಬರುತ್ತದೆ. ಹೆಸರಲ್ಲೇ 5ಜಿ ಇದ್ದರೂ ಏರ್‌ಟೆಲ್‌ನ ಎನ್‌ಎಸ್‌ಎ ಜಾಲದಲ್ಲಿ ಅದು 4ಜಿ ಫೋನೇ. ಜಿಯೋದವರಿಗೆ ಅದೇ ಫೋನು ಒಳ್ಳೆ ವ್ಯಾಪಾರ, ನಿಮಗಲ್ಲ.

ನೋಡಬೇಕಾದ ಎರಡನೆಯ ಸಂಗತಿ ಬ್ಯಾಂಡ್, ಅಂದರೆ ಸಿಗ್ನಲ್ ಯಾವ ಆವರ್ತನದಲ್ಲಿ (ಫ್ರೀಕ್ವೆನ್ಸಿ) ಬರುತ್ತದೆ ಅನ್ನುವುದು. ಆವರ್ತನ ಕಡಿಮೆ ಇದ್ದಷ್ಟೂ ಸಿಗ್ನಲ್ ದೂರ ಹೋಗುತ್ತದೆ, ಮಣ್ಣಿನ ಗೋಡೆ, ಮರ ಎಲ್ಲ ದಾಟಿ ಒಳಗೂ ಬರುತ್ತದೆ. 2022ರ ಸ್ಪೆಕ್ಟ್ರಮ್ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಕೊಂಡದ್ದು ಜಿಯೋ ಒಂದೇ. 5ಜಿ ಫೋನಿನ ಪಟ್ಟಿಯಲ್ಲಿ ಅದು 'ಎನ್28' ಅಂತ ಇರುತ್ತದೆ. ಬಿಎಸ್‌ಎನ್‌ಎಲ್‌ನ 4ಜಿಯೂ ಇದೇ 700 ಬಳಸುತ್ತದೆ, ಅಲ್ಲಿ 'ಬಿ28' ಅಂತ ನೋಡಿ. ನಿಮ್ಮ ಕಡೆ ಮುಂದೆ ಸಿಮ್ ಬದಲಿಸುವ ಹೊತ್ತು ಬರಬಹುದು, ಹಾಗಾಗಿ ಈ ಎರಡೂ ಇರುವ ಫೋನನ್ನೇ ಆರಿಸಿ. ಈ ಪಟ್ಟಿ ಅಂಗಡಿಯವನಿಗೆ ಗೊತ್ತಿರುವುದಿಲ್ಲ, ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲಿನ ಪುಟದ ಬುಡದಲ್ಲಿ ಸಣ್ಣಕ್ಷರದಲ್ಲಿ ಸಿಗುತ್ತದೆ.

ಮತ್ತೆ, ಮನೆಯಲ್ಲಿ 4ಜಿಯೇ ಎರಡು ಕಡ್ಡಿ ಇದ್ದರೆ 5ಜಿಗೆ ಅಂತ ಜಾಸ್ತಿ ದುಡ್ಡು ಹಾಕಬೇಡಿ. ವೈಫೈ ಕಾಲಿಂಗ್ ಇದೆಯಾ ಅಂತ ನೋಡಿ, ಮನೆಗೆ ಫೈಬರ್ ಬಂದಿದ್ದರೆ ಅದೇ ಸಾಕು.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ಐಫೋನ್ 16 ತರುತ್ತೇನೆ ಅಂತಾನೆ. ಇಲ್ಲಿ ನರಸಾಪುರದಲ್ಲಿ ಮಾಡಿದ್ದಕ್ಕಿಂತ ಅಲ್ಲಿಯದು ಒಳ್ಳೆಯದಂತೆ, ಹೌದಾ?
— ಓದುಗರು, ಕೋಲಾರ

ಉತ್ತರ: ನಿಮ್ಮೂರಿನ ಪಕ್ಕದಲ್ಲೇ ಆಗುವುದರ ಮೇಲೆ ಅಷ್ಟು ಅನುಮಾನ ಯಾಕ್ರೀ? ನರಸಾಪುರದ ಕಾರ್ಖಾನೆ ಮೊದಲು ವಿಸ್ಟ್ರಾನ್‌ನದ್ದು, 2023ರಲ್ಲಿ ಟಾಟಾ ಕೊಂಡಿತು. ಚಿಪ್ಪು, ಪರದೆ, ಕ್ಯಾಮೆರಾ ಎಲ್ಲ ಅದೇ. ಜೋಡಿಸುವ ಜಾಗ ಮಾತ್ರ ಬೇರೆ.

ವ್ಯತ್ಯಾಸ ಇರುವುದು ಫೋನು ಯಾವ ದೇಶದ ಮಾರುಕಟ್ಟೆಗೆ ಅಂತ ಮಾಡಿದ್ದು ಎಂಬುದರಲ್ಲಿ. ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ 14ರಿಂದ ಸಿಮ್ ಹಾಕುವ ಟ್ರೇಯೇ ಇಲ್ಲ, ಇ-ಸಿಮ್ (ಫೋನಿನೊಳಗೇ ಇರುವ, ಬಿಚ್ಚಲಾಗದ ಸಿಮ್) ಮಾತ್ರ. ಇಲ್ಲಿ ಮಾರುವ 16ರಲ್ಲಿ ಒಂದು ಸಿಮ್ ಟ್ರೇ, ಜೊತೆಗೆ ಇ-ಸಿಮ್. ನಮ್ಮಲ್ಲೂ ಇ-ಸಿಮ್ ಸಿಗುತ್ತದೆ, ಬಳಸಬಹುದು. ಆದರೆ ಫೋನ್ ಕೆಟ್ಟು ರಿಪೇರಿಗೆ ಕೊಟ್ಟ ದಿನ ಸಿಮ್ ಬಿಚ್ಚಿ ಹಳೇ ಫೋನಿಗೆ ಹಾಕಿಕೊಳ್ಳೋಣ ಅಂದರೆ ಆಗುವುದಿಲ್ಲ. ಬ್ಯಾಂಕಿನ ಓಟಿಪಿ ಎಲ್ಲ ಅದೇ ನಂಬರಿಗೆ ಬರುವವರಿಗೆ ಇದು ಸಣ್ಣ ತೊಂದರೆಯಲ್ಲ. ಬೆಲೆಯಲ್ಲಿ ತುಂಬಾ ಉಳಿತಾಯ ಇದ್ದರೆ ಮಾತ್ರ ಅಣ್ಣನಿಗೆ ಹೇಳಿ.

ಪ್ರಶ್ನೆ: ಗ್ಯಾಲಕ್ಸಿ ಎಸ್25 ಅಲ್ಟ್ರಾದಲ್ಲಿ 5000 ಎಂಎಎಚ್ ಬ್ಯಾಟರಿ, ಅದಕ್ಕಿಂತ ಕಡಿಮೆ ಬೆಲೆಯ ಒನ್‌ಪ್ಲಸ್ 13ರಲ್ಲಿ 6000. ಇದು ಹೇಗೆ?
— ಮೆಡಿಕಲ್ ರೆಪ್, ಹುಬ್ಬಳ್ಳಿ

ಉತ್ತರ: ಒನ್‌ಪ್ಲಸ್ ಬ್ಯಾಟರಿಯ ಆನೋಡಿನಲ್ಲಿ (ಚಾರ್ಜ್ ಮಾಡುವಾಗ ಲಿಥಿಯಂ ಸೇರಿಕೊಳ್ಳುವ ಬದಿ) ಸಿಲಿಕಾನ್ ಬೆರೆಸಿದೆ. ಅಲ್ಲಿ ಮಾಮೂಲಿಯಾಗಿ ಇರುವ ಗ್ರಾಫೈಟಿಗಿಂತ ಸಿಲಿಕಾನ್ ಜಾಸ್ತಿ ಲಿಥಿಯಂ ಹಿಡಿದಿಡುತ್ತದೆ, ಹಾಗಾಗಿ ಅಷ್ಟೇ ಜಾಗದಲ್ಲಿ ಜಾಸ್ತಿ ಚಾರ್ಜ್. ಒನ್‌ಪ್ಲಸ್ 12ರಲ್ಲಿ 5400 ಇತ್ತು, 13ರಲ್ಲಿ 6000 ಆದರೂ ಫೋನಿನ ತೂಕ ಏರಲಿಲ್ಲ. ಸ್ಯಾಮ್‌ಸಂಗ್ ಮಾತ್ರ 2020ರ ಎಸ್20 ಅಲ್ಟ್ರಾದಿಂದ ಆ 5000ಕ್ಕೇ ಅಂಟಿಕೊಂಡಿದೆ. ಚಾರ್ಜ್ ಮಾಡುವಾಗ ಸಿಲಿಕಾನ್ ಊದಿಕೊಳ್ಳುತ್ತದೆ, ಅದನ್ನು ಹತೋಟಿಯಲ್ಲಿಡುವುದೇ ಕಷ್ಟದ ಕೆಲಸ. ದಿನವಿಡೀ ಬೈಕಿನಲ್ಲಿ ಮ್ಯಾಪ್ ಹಾಕಿಕೊಂಡು ಓಡಾಡುವ ನಿಮಗೆ ನಾನು ಒನ್‌ಪ್ಲಸ್ಸನ್ನೇ ಹೇಳುತ್ತೇನೆ. ಅದರ 100 ವಾಟ್ ವೇಗ ಸಿಗಬೇಕಾದರೆ ಅದರದೇ ಚಾರ್ಜರ್, ಅದರದೇ ಕೇಬಲ್ ಇರಲಿ. ಲಾಡ್ಜಿನಲ್ಲಿ ಸಿಕ್ಕ ಚಾರ್ಜರ್ ಹಾಕಿದರೆ ಆ ವೇಗ ಬರುವುದಿಲ್ಲ.

ಪ್ರಶ್ನೆ: ಐಪಿ68 ಇದ್ದರೆ ಸಮುದ್ರದಲ್ಲಿ ಈಜುವಾಗ ಫೋಟೋ ತೆಗೆಯಬಹುದಾ?
— ಓದುಗರು, ಕುಂದಾಪುರ

ಉತ್ತರ: ಬೇಡ. ಐಪಿ68 ಅಂದರೆ ಧೂಳು, ನೀರು ಒಳಗೆ ಹೋಗದಂತೆ ತಡೆಯುತ್ತದಾ ಅಂತ ಪರೀಕ್ಷಿಸಿ ಕೊಡುವ ಗುರುತು. ಆ ಪರೀಕ್ಷೆ ಮಾಡುವುದು ಸಿಹಿ ನೀರಲ್ಲಿ, ಫೋನನ್ನು ಅಲುಗಾಡಿಸದೆ ಇಟ್ಟು. ಉಪ್ಪು ನೀರು ಚಾರ್ಜಿಂಗ್ ಪಿನ್ನನ್ನು ತಿನ್ನುತ್ತದೆ. ನೀರು ನುಗ್ಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಬರುವುದಿಲ್ಲ.