ದಕ್ಷಿಣ ಸುಡಾನಿನಲ್ಲಿ ಜೋಳದ ಮೂಟೆಗಳನ್ನು ವಿಮಾನದಿಂದ ಯಾಕೆ ಎಸೀತಾರೆ? ಜನರ ಕೈಗೆ ದುಡ್ಡು ಕೊಟ್ಟರೆ ಆಗಲ್ವಾ?

ವಿಡಿಯೋ ನೋಡಿ ಇದು ದುಂದುವೆಚ್ಚ ಅನ್ನಿಸಿತು ಅಂತ ಬರೆದಿದ್ದೀರಿ. ಅನ್ನಿಸೋದು ಸಹಜ. ನಾನು ಅಲ್ಲಿ ಒಂದು ನೆರವು ಸಂಸ್ಥೆಯ ಗೋದಾಮು, ಸಾಗಣೆ ನೋಡಿಕೊಂಡಿದ್ದವನು. ಹಾಗಾಗಿ ನನ್ನ ಉತ್ತರ ಮಣ್ಣು, ಮಳೆ, ಲಾರಿಯ ಕಡೆಗೇ ಜಾಸ್ತಿ ವಾಲುತ್ತದೆ.

ಆ ದೇಶದ ದೊಡ್ಡ ಭಾಗ ಎರೆ ಭೂಮಿ. ನಾನು ವಿಜಯಪುರ ಜಿಲ್ಲೆಯವನು, ಮಳೆ ಹಿಡಿದರೆ ಎರೆ ಹೊಲದಲ್ಲಿ ಚಪ್ಪಲಿ ಕೂಡ ಕಾಲಿಗೆ ನಿಲ್ಲೋದಿಲ್ಲ ಅಂತ ಚೆನ್ನಾಗಿ ಗೊತ್ತು. ಅಲ್ಲಿ ಅಂಥ ನೆಲದ ಮೇಲೇ ರಸ್ತೆ. ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡ ದೇಶ ಅದು. ರಾಜಧಾನಿ ಜೂಬಾದಿಂದ ಉಗಾಂಡ ಗಡಿಯ ನಿಮುಲೆಗೆ 192 ಕಿ.ಮೀ. ಡಾಂಬರು ಹೆದ್ದಾರಿ ಮುಗಿದದ್ದು 2012ರಲ್ಲಿ, ದೇಶಕ್ಕೆ ಅದೇ ಮೊದಲನೆಯದು. ಏಪ್ರಿಲ್-ಮೇ ಹೊತ್ತಿಗೆ ಮಳೆ ಶುರುವಾದರೆ ಅಕ್ಟೋಬರ್, ನವೆಂಬರ್‌ವರೆಗೂ ಉತ್ತರದ ಎಷ್ಟೋ ಊರಿಗೆ ಲಾರಿ ಹೋಗೋದಿಲ್ಲ. ನೈಲ್ ನದಿಯ ಮೇಲೆ ದೋಣಿಗಳಲ್ಲಿ ಸಾಗಿಸಬಹುದು. ಆದರೆ ದಾರಿಯುದ್ದಕ್ಕೂ ಬಂದೂಕು ಹಿಡಿದವರು ನಿಲ್ಲಿಸಿ ವಸೂಲಿಗೆ ಕೂರುತ್ತಾರೆ.

ಆಗ ಉಳಿಯೋದು ಇಲ್ಯೂಷಿನ್-76 ಅನ್ನೋ ದೊಡ್ಡ ಸರಕು ವಿಮಾನ. ಒಂದು ಸಲಕ್ಕೆ ಸುಮಾರು 30 ಟನ್ ಹೊರುತ್ತದೆ. ಪೂರ್ತಿ ಪಡಿ ಅಂದರೆ ತಲೆಗೆ ದಿನಕ್ಕೆ ಅರ್ಧ ಕಿಲೋ ಜೋಳ, ಜೊತೆಗೆ ಒಂದಿಷ್ಟು ಕಾಳು, ಎಣ್ಣೆ, ಉಪ್ಪು. ಜೋಳ ಒಂದನ್ನೇ ಲೆಕ್ಕ ಹಾಕಿ: ಒಂದು ವಿಮಾನದ ಹೊರೆ ಎರಡು ಸಾವಿರ ಜನಕ್ಕೆ ಒಂದು ತಿಂಗಳು. ಕಾಳುಕಡಿಗೆ ಪ್ಯಾರಾಶೂಟ್ ಇರೋದಿಲ್ಲ. ಒಂದರೊಳಗೊಂದು ಚೀಲ ಹಾಕಿ ಹೊಲಿದು, ಬಯಲಿನಿಂದ ಜನ, ದನ ಎಲ್ಲ ದೂರ ಕಳಿಸಿ, ವಿಮಾನ ಕೆಳಗೆ ಬಂದು ಸುರಿದು ಹೋಗುತ್ತದೆ. ಎಣ್ಣೆಯನ್ನು ಮಾತ್ರ ಪ್ಯಾರಾಶೂಟ್ ಕಟ್ಟಿ ಇಳಿಸುತ್ತಾರೆ. ಒಡೆದ ಚೀಲದ ಕಾಳನ್ನು ಹೆಂಗಸರು ಮಣ್ಣಿನ ಸಮೇತ ಗುಡಿಸಿಕೊಂಡು ಕೇರುತ್ತಾರೆ. ಲಾರಿ, ದೋಣಿಗೆ ಹೋಲಿಸಿದರೆ ಖರ್ಚು ಆರೇಳು ಪಟ್ಟು. ನೀವು ದುಂದು ಅಂದದ್ದು ಅಷ್ಟರಮಟ್ಟಿಗೆ ನಿಜವೇ.

ಇನ್ನು ದುಡ್ಡು. ಅಂಗಡಿ ಇರೋ ಕಡೆ ನಾನೂ ದುಡ್ಡಿನ ಪರವೇ. ಮನೆಗೆ ಏನು ಬೇಕು ಅಂತ ಆ ಮನೆಯ ಹೆಂಗಸಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ? ಜೂಬಾದಂಥ ಪಟ್ಟಣಗಳಲ್ಲಿ ದುಡ್ಡನ್ನೇ ಹಂಚಿದ್ದೂ ಇದೆ. ಆದರೆ ಅಂತರ್ಯುದ್ಧದಲ್ಲಿ ಅಂಗಡಿಯೇ ಸುಟ್ಟುಹೋಗಿ, ವ್ಯಾಪಾರಿಗಳು ಓಡಿಹೋದ ಊರಲ್ಲಿ ನೋಟು ತಗೊಂಡು ಏನು ಮಾಡೋದು? ಅದರ ಮೇಲೆ 2016ರಲ್ಲಿ ಒಂದೇ ವರ್ಷದೊಳಗೆ ಬೆಲೆಗಳು ಎಂಟು ಪಟ್ಟಿಗೂ ಮೀರಿ ಏರಿದವು. ಹಂಚೋ ಹೊತ್ತಿಗೇ ನೋಟಿನ ಬೆಲೆ ಕರಗಿರುತ್ತಿತ್ತು.

2017ರ ಫೆಬ್ರವರಿಯಲ್ಲಿ ಯೂನಿಟಿ ರಾಜ್ಯದ ಲೇರ್, ಮಾಯೆಂಡಿಟ್‌ಗಳಲ್ಲಿ ಬರಗಾಲ ಘೋಷಣೆಯಾಯಿತು. ಅದು ಮಳೆ ಬಾರದ ಬರ ಅಲ್ಲ, ಯುದ್ಧ ತಂದ ಬರ. ದನಗಳನ್ನು ಹೊಡೆದುಕೊಂಡು ಹೋಗಿದ್ದರು, ಬಿತ್ತಲು ಬಿಡಲಿಲ್ಲ. ಜನ ಜೌಗಿನ ನಡುವಿನ ದ್ವೀಪಗಳಲ್ಲಿ ಅಡಗಿ ನೈದಿಲೆ ಗೆಡ್ಡೆ ತಿಂದು ಬದುಕಿದರು. ಜೂನ್ ಹೊತ್ತಿಗೆ ಆ ಘೋಷಣೆ ತೆಗೆದರು, ನೆರವು ತಲುಪಿದ್ದಕ್ಕೇ. ಆದರೆ ಅದೇ ತಿಂಗಳು ಇಡೀ ದೇಶದಲ್ಲಿ ಹಸಿದವರ ಲೆಕ್ಕ 60 ಲಕ್ಷ ಮುಟ್ಟಿತ್ತು. ಟಿವಿಯವರಿಗೆ ಆ ಎರಡನೇ ಸುದ್ದಿ ಅಷ್ಟು ಬೇಕಾಗಿರಲಿಲ್ಲ.

ಒಂದು ಮಾತು ಬಹಳ ಜನ ತಪ್ಪು ತಿಳೀತಾರೆ. ಪಡಿ ಹಂಚೋದು ಬೇರೆ, ಸೊರಗಿದ ಮಗುವನ್ನು ಉಳಿಸೋದು ಬೇರೆ. ಎರಡು ವರ್ಷದ ಕೂಸು ತೀರಾ ಬಡಕಲಾದ ಮೇಲೆ ಜೋಳದ ಗಂಜಿಯಿಂದ ಮಾತ್ರ ಚೇತರಿಸೋದಿಲ್ಲ. ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುತ್ತಾರೆ, ನಮ್ಮ ಅಂಗನವಾಡಿಗಳಲ್ಲೂ ನೋಡಿರಬಹುದು. ಸುತ್ತಳತೆ 115 ಮಿ.ಮೀ.ಗಿಂತ ಕಡಿಮೆ ಇದ್ದರೆ ಕೆಂಪು. ಅಂಥ ಮಗುವಿಗೆ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಸೇರಿಸಿದ ಪೇಸ್ಟಿನ ಪೊಟ್ಟಣ ಕೊಡುತ್ತಾರೆ. ಒಂದರಲ್ಲಿ 500 ಕ್ಯಾಲೊರಿ. ನೀರು ಬೆರೆಸಬೇಕಿಲ್ಲ, ಬೇಯಿಸಬೇಕಿಲ್ಲ. ಕೊಳಕು ನೀರಿನ ಊರಲ್ಲಿ ಇದೇ ದೊಡ್ಡ ಗುಣ. ಜ್ವರ, ಭೇದಿ ಇಲ್ಲದೆ ಮಗು ಚೀಪಿ ತಿನ್ನುವ ಹಾಗಿದ್ದರೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳೋದಿಲ್ಲ, ಮನೆಗೇ ಕಳಿಸುತ್ತಾರೆ. ಆದರೆ ಮನೆಯಲ್ಲಿ ಪಡಿ ಮುಗಿದಿದ್ದರೆ ಆ ಪೊಟ್ಟಣ ಅಣ್ಣ ತಂಗಿಯರಿಗೂ ಹಂಚಿಹೋಗುತ್ತೆ. ತಾಯಿಯನ್ನು ಬೈದು ಪ್ರಯೋಜನ ಇಲ್ಲ. ಅದಕ್ಕೇ ಎರಡೂ ಕೆಲಸ ಒಟ್ಟಿಗೆ ನಡೆಯಬೇಕು.

ಕಳ್ಳತನ ಆಗಲ್ವಾ ಅಂತಲೂ ಕೇಳಿದ್ದೀರಿ. ಆಗುತ್ತೆ. 2016ರ ಜುಲೈನಲ್ಲಿ ಜೂಬಾದಲ್ಲಿ ಗುಂಡಿನ ಕಾಳಗ ನಡೆದಾಗ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಮುಖ್ಯ ಗೋದಾಮಿನಿಂದ 4,500 ಟನ್ನಿಗೂ ಜಾಸ್ತಿ ಆಹಾರ ಲೂಟಿಯಾಯಿತು. ಆದರೆ ಸಂತೆಯಲ್ಲಿ ನೆರವಿನ ಚೀಲ ಕಂಡ ಕೂಡಲೇ ಕಳ್ಳಮಾಲು ಅನ್ನಬೇಡಿ. ಇಡೀ ಜೋಳ ಕೊಟ್ಟರೆ ಅದನ್ನು ಬೀಸಿಸಬೇಕಲ್ಲ, ಗಿರಣಿಯವನು ಬಿಟ್ಟಿ ಬೀಸಿಕೊಡ್ತಾನಾ? ಅದಕ್ಕೆ, ಸೋಪಿಗೆ, ಔಷಧಿಗೆ ಅಂತ ಸ್ವಲ್ಪ ಪಡಿ ಮಾರುತ್ತಾರೆ.

ನನ್ನ ಸಿಟ್ಟು ವಿಮಾನದ ಮೇಲಲ್ಲ, ದುಡ್ಡು ಬರುವ ತಿಂಗಳ ಮೇಲೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ನೆಲ ಒಣಗಿರುತ್ತೆ. ಆಗ ಲಾರಿಯಲ್ಲಿ ಸಾಗಿಸಿ ಊರೂರ ಗೋದಾಮು ತುಂಬಿಸಿಟ್ಟರೆ ಮಳೆಗಾಲದಲ್ಲಿ ವಿಮಾನದ ಕೆಲಸ ಎಷ್ಟೋ ಕಡಿಮೆಯಾಗುತ್ತೆ. ಆದರೆ ಒಣ ತಿಂಗಳುಗಳಲ್ಲಿ ಹಸಿದ ಮಕ್ಕಳ ಫೋಟೋ ಕಡಿಮೆ, ದೇಣಿಗೆಯೂ ಕಡಿಮೆ. ಜುಲೈನಲ್ಲಿ ಫೋಟೋ ಬರುತ್ತೆ, ಆಗ ದುಡ್ಡು ಬರುತ್ತೆ, ಆ ಹೊತ್ತಿಗೆ ರಸ್ತೆ ಮುಳುಗಿರುತ್ತೆ. ಕೊಡೋ ಮನಸ್ಸಿದ್ದರೆ ಜನವರಿಯಲ್ಲಿ ಕೊಡಿ, ಇಂಥದ್ದಕ್ಕೇ ಖರ್ಚು ಮಾಡಿ ಅಂತ ಷರತ್ತು ಹಾಕಬೇಡಿ.