ಸಂಪಾದಕರ ಉತ್ತರ: ಗೋಳಿಮರದ ಗೆಲ್ಲು ಕಡಿಸಬೇಡಿ ಮಾಸ್ಟ್ರೇ

ಉಡುಪಿ ಹತ್ತಿರದ ಹಳ್ಳಿಯೊಂದರಿಂದ ನಿವೃತ್ತ ಮಾಸ್ಟ್ರೊಬ್ಬರು ಬರೆದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ನಮ್ಮ ಮನೆಯ ಪಕ್ಕದ ನಾಗಬನದ ಗೋಳಿಮರದಲ್ಲಿ ನೂರಾರು ಬಾವಲಿಗಳಿವೆ. ಕಳೆದ ವರ್ಷದಿಂದ ಕೆಲವು ಹುಡುಗ ಹುಡುಗಿಯರು ಶನಿವಾರ ಸಂಜೆ ಜನರನ್ನು ಸೇರಿಸಿಕೊಂಡು ಅಲ್ಲಿ 'ಬಾವಲಿ ನಡಿಗೆ' ಮಾಡುತ್ತಿದ್ದಾರೆ. ನಿಮ್ಮ ಪತ್ರಿಕೆ ಅದನ್ನು ಹೊಗಳಿ ಬರೆಯಿತು. ನಿಫಾ ಬಂದದ್ದು ಬಾವಲಿಯಿಂದ ಎಂದು ಗೊತ್ತಿದ್ದೂ ಮಕ್ಕಳನ್ನು ಅದರ ಹತ್ತಿರ ಕರೆದೊಯ್ಯುವುದು ಸರಿಯೇ? ನನ್ನ ಚಿಕ್ಕು, ಪೇರಳೆ ಒಂದೂ ಉಳಿಯುತ್ತಿಲ್ಲ. ಅಂಗಳವೆಲ್ಲ ಗಲೀಜು. ಮೊಮ್ಮಗಳು ತಾನೂ ನಡಿಗೆಗೆ ಹೋಗುತ್ತೇನೆ ಎಂದಳು. ನಾನು ಬಿಡಲಿಲ್ಲ. ಮರದ ಗೆಲ್ಲು ಕಡಿಸಿ ಅವನ್ನು ಓಡಿಸೋಣ ಎಂದು ಊರಿನ ನಾಲ್ಕು ಜನ ಹೇಳುತ್ತಿದ್ದಾರೆ. ನಿಮ್ಮ ಅಭಿಪ್ರಾಯವೇನು?"

ಮಾಸ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀಲಿ ಶಾಯಿ, ಅಂಚು ಬಿಟ್ಟ ಕಾಗದ, ಎಲ್ಲೂ ಒಂದು ಚಿತ್ತಿಲ್ಲ. ಇಂಥ ಪತ್ರ ಬರುವುದೇ ಈಗ ಅಪರೂಪ. ಕತ್ತಿಯವರನ್ನು ಕರೆಸುವ ಮೊದಲು ನೀವು ಒಂದು ಮಾತು ಕೇಳಿದಿರಲ್ಲ, ಅದು ನನಗೆ ದೊಡ್ಡ ಸಮಾಧಾನ. ನೇರವಾಗಿ ಹೇಳುತ್ತೇನೆ. ಗೆಲ್ಲು ಕಡಿಸಬೇಡಿ. ಮೊಮ್ಮಗಳನ್ನು ಕಳಿಸಿ.

ನಿಮ್ಮ ದೂರು ಸುಳ್ಳಲ್ಲ. ಹಣ್ಣು ಹೋಗುವುದು ನಿಜ. ಚಿಕ್ಕು ಬೆಳೆದು ಮಾರುವವರಿಗಂತೂ ನಷ್ಟವೇ. ಅಂಗಳದ ಕಷ್ಟ ದಿನಾ ಗುಡಿಸುವವರಿಗೇ ಗೊತ್ತು. ಹಣ್ಣಿಗೆ ಬಟ್ಟೆ ಚೀಲ ಕಟ್ಟಿ, ಇಲ್ಲವೇ ತೀರಾ ಸಣ್ಣ ಕಣ್ಣಿನ ಬಲೆಯನ್ನು ಬಿಗಿಯಾಗಿ ಹಾಕಿ. ದೊಡ್ಡ ಕಣ್ಣಿನ ನೈಲಾನ್ ಬಲೆ ಮಾತ್ರ ಬೇಡ. ಅದರಲ್ಲಿ ರೆಕ್ಕೆ ಸಿಕ್ಕಿಸಿಕೊಂಡು ರಾತ್ರಿಯಿಡೀ ಒದ್ದಾಡಿ ಸಾಯುತ್ತವೆ. ಇಷ್ಟು ಮಾಡಿದರೂ ನಾಲ್ಕು ಹಣ್ಣು ಹೋದೀತು. ಒಪ್ಪುತ್ತೇನೆ.

ಇನ್ನು ನಿಫಾ. 2018ರ ಮೇ ತಿಂಗಳು ನನಗೂ ಚೆನ್ನಾಗಿ ನೆನಪಿದೆ. ಕಲ್ಲಿಕೋಟೆ ಕಡೆ 17 ಜನ ತೀರಿಕೊಂಡರು. ಅದು ನಿಫಾ ಎಂದು ಮೊದಲು ಗುರುತಿಸಿದ್ದು ದೂರದ ಊರಲ್ಲಿ ಅಲ್ಲ, ನಿಮ್ಮ ಪಕ್ಕದ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರದಲ್ಲಿ. ಆ ವಾರ ನಮ್ಮ ಮನೆಯಲ್ಲಿ ಮಾವಿನ ಹಣ್ಣು ಬುಟ್ಟಿಯಲ್ಲೇ ಕೊಳೆಯಿತು. ಹೆದರಿದವರಲ್ಲಿ ನಾನೂ ಒಬ್ಬ. ಆಮೇಲೆ ಕೂತು ಓದಿದೆ. ಮೊದಲ ರೋಗಿಗೆ ಹಣ್ಣಿನ ಬಾವಲಿಯಿಂದ ಬಂದಿರಬೇಕು ಎಂದು ತಜ್ಞರು ಹೇಳುತ್ತಾರೆ. ಅಲ್ಲಿಂದ ಮುಂದೆ ಹೆಚ್ಚಿನವರಿಗೆ ಅದು ತಗಲಿದ್ದು ಆಸ್ಪತ್ರೆಗಳಲ್ಲಿ, ಮನುಷ್ಯರಿಂದ ಮನುಷ್ಯರಿಗೆ. ಆರೈಕೆ ಮಾಡಿದ ನರ್ಸ್ ಒಬ್ಬರೂ ಹೋಗಿಬಿಟ್ಟರು. ಮರದಿಂದ ದೂರದಲ್ಲಿ ನಿಂತು ಆಕಾಶ ನೋಡಿದವರಿಗೆ ಬಂದ ರೋಗ ಅದಲ್ಲ.

ಮಲೇಷ್ಯಾದಲ್ಲಿ 1998-99ರಲ್ಲಿ ನಿಫಾ ಮೊದಲ ಸಲ ಕಾಣಿಸಿಕೊಂಡಾಗ ಏನಾಗಿತ್ತು ಗೊತ್ತಾ? ಹಂದಿ ಸಾಕುವ ಜಾಗದಲ್ಲೇ ಮಾವಿನ ತೋಪು ಬೆಳೆಸಿದ್ದರು. ಬಾವಲಿ ಕಚ್ಚಿ ಬೀಳಿಸಿದ ಹಣ್ಣನ್ನು ಹಂದಿಗಳು ತಿಂದವು. ಹಂದಿಗಳಿಂದ ಜನರಿಗೆ ಬಂತು. ನೂರಕ್ಕೂ ಹೆಚ್ಚು ಜನ ಸತ್ತರು. ಬಾಂಗ್ಲಾದೇಶದಲ್ಲಿ ಈಚಲ ಮರದ ಹಸಿ ರಸ ಕುಡಿದು ಬರುತ್ತದೆ. ರಾತ್ರಿ ಬಾವಲಿ ಬಂದು ಆ ಮಡಕೆಗೆ ಬಾಯಿ ಹಾಕಿರುತ್ತದೆ. ಆದ್ದರಿಂದ ಕಚ್ಚಿದ ಹಣ್ಣು ತಿನ್ನಬಾರದು, ಹಣ್ಣು ತೊಳೆದು ತಿನ್ನಬೇಕು, ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ನಡಿಗೆಯ ಹುಡುಗರು ಪ್ರತಿ ಸಲ ಮೊದಲು ಹೇಳುವುದೇ ಈ ಮಾತು. ನಿಮ್ಮ ಊರಲ್ಲಿ ಇದನ್ನು ಮಕ್ಕಳಿಗೆ ಬೇರೆ ಯಾರು ಕೂರಿಸಿಕೊಂಡು ಹೇಳಿದ್ದಾರೆ?

ಓಡಿಸಿದರೆ ಏನಾಗುತ್ತದೆ ಎನ್ನುವುದನ್ನೂ ಕೇಳಿ. ಆಸ್ಟ್ರೇಲಿಯಾದಲ್ಲಿ ನಿಫಾದ ಹತ್ತಿರದ ಸಂಬಂಧಿ ಹೆಂಡ್ರಾ ಎಂಬ ವೈರಸ್ ಇದೆ. 1994ರಲ್ಲಿ ಅಲ್ಲಿನ ಕುದುರೆಗಳಲ್ಲಿ ಸಿಕ್ಕಿತು. ಅಲ್ಲಿನವರು ಎರಡು ದಶಕಕ್ಕೂ ಹೆಚ್ಚಿನ ಲೆಕ್ಕ ಇಟ್ಟು ನೋಡಿದರು. ಕಾಡು ಹೋಗಿ, ಹೂವು ಹಣ್ಣು ಸಿಗದೆ, ಬಾವಲಿಗಳು ಹಸಿದು ಊರ ಹತ್ತಿರ ಚದುರಿ ಬಂದ ವರ್ಷಗಳಲ್ಲೇ ರೋಗ ಜಾಸ್ತಿ. ಹೊಟ್ಟೆ ತುಂಬಿ ತಮ್ಮ ಮರದಲ್ಲಿ ನೆಮ್ಮದಿಯಾಗಿ ನೇತಾಡುವ ಬಾವಲಿಯಿಂದ ಅಷ್ಟು ಭಯವಿಲ್ಲ. ಗೆಲ್ಲು ಕಡಿಸಿದರೆ ಅವು ಮಾಯವಾಗುವುದಿಲ್ಲ ಮಾಸ್ಟ್ರೇ. ಹತ್ತು ಮನೆಗಳ ಹತ್ತು ಮರಕ್ಕೆ ಹಂಚಿಹೋಗುತ್ತವೆ.

ನನಗೆ ಬಾವಲಿಯ ಪರಿಚಯ ಮಾಡಿಸಿದ್ದು ಅಜ್ಜ. ಅಜ್ಜನ ತೋಟದಲ್ಲಿ ಬೆಳಿಗ್ಗೆ ನಮ್ಮ ಮೊದಲ ಕೆಲಸ ಬುಡದಲ್ಲಿ ಬಿದ್ದ ಅಡಿಕೆ ಹೆಕ್ಕುವುದು. ಬಾವಲಿ ಹಣ್ಣಡಿಕೆಯ ಸಿಪ್ಪೆಯನ್ನು ಚೀಪಿ ಒಳಗಿನ ಅಡಿಕೆಯನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಗೇರುಬೀಜವೂ ಹಾಗೆಯೇ. ಹಣ್ಣು ಅದಕ್ಕೆ, ಬೀಜ ನಮಗೆ. ಕೆಲಸದವರು ಬಾವಲಿಗೆ ಬೈದರೆ ಅಜ್ಜ, "ಮರ ಹತ್ತಿ ಕೊಯ್ದು ಕೊಡ್ತದೆ, ಸಂಬಳ ಕೇಳಿದ್ದುಂಟಾ?" ಎನ್ನುತ್ತಿದ್ದರು. ಆಗ ಕೈ ತೊಳೆಯಬೇಕು ಎಂದು ನಮಗೆ ಯಾರೂ ಹೇಳಲಿಲ್ಲ. ಈಗ ನಾನು ಹೇಳುತ್ತೇನೆ, ತೊಳೆಯಿರಿ.

ಕಡಲ ಬದಿಯ ಹೊನ್ನೆಮರ ನೋಡಿ. ಸೀಮೆಎಣ್ಣೆ ಬರುವ ಮೊದಲು ನಮ್ಮ ಎಷ್ಟೋ ಮನೆಗಳಲ್ಲಿ ದೀಪ ಉರಿದದ್ದು ಹೊನ್ನೆಣ್ಣೆಯಲ್ಲಿ. ಆ ಕಾಯನ್ನು ಒಂದು ಕಡೆಯಿಂದ ಇನ್ನೊಂದು ಕಡೆ ಒಯ್ದು ಹಾಕುವವರು ಯಾರು? ಸ್ವಲ್ಪ ಸಮುದ್ರದ ನೀರು, ಉಳಿದದ್ದು ಬಾವಲಿ. ಬೂರುಗದ ಹೂವಿಗೆ, ಹಿಪ್ಪೆಯ ಹೂವಿಗೆ ರಾತ್ರಿ ಬರುವ ಅತಿಥಿಯೂ ಅದೇ. ನಿಮ್ಮ ಬನದ ಗೋಳಿಯನ್ನೇ ತೆಗೆದುಕೊಳ್ಳಿ. ಗೋಳಿಯ ಬೀಜವನ್ನು ಯಾರೂ ಗುಂಡಿ ತೋಡಿ ಬಿತ್ತುವುದಿಲ್ಲ. ಹಕ್ಕಿಯೋ ಬಾವಲಿಯೋ ಹಣ್ಣು ತಿಂದು ಹಿಕ್ಕೆ ಹಾಕಿದಲ್ಲಿ ಅದು ಮೊಳೆಯುತ್ತದೆ. ಆ ಮರದಲ್ಲಿ ಬಾವಲಿ ಬಂದು ಕೂತಿದೆ ಎನ್ನುತ್ತೀರಿ. ಆ ಮರ ಅಲ್ಲಿ ಹುಟ್ಟಿದ್ದೇ ಅದರ ಅಜ್ಜಿಯಿಂದ ಇರಬಹುದು.

ಕಳೆದ ಡಿಸೆಂಬರಿನಲ್ಲಿ ಆ ನಡಿಗೆಗೆ ನಾನೇ ಬಂದಿದ್ದೆ. ನಿಮ್ಮ ಗೇಟಿನಿಂದ ಹೆಚ್ಚು ದೂರ ಇರಲಿಕ್ಕಿಲ್ಲ. ಮನೆ ನಿಮ್ಮದೆಂದು ಗೊತ್ತಿದ್ದರೆ ಒಳಗೆ ಬಂದು ಬೆಲ್ಲ ನೀರು ಕುಡಿದು ಹೋಗುತ್ತಿದ್ದೆ. ಹದಿನೈದು ಜನ ಇದ್ದೆವು. ಎಲ್ಲರ ತಲೆಗೂ ಟೊಪ್ಪಿ. ಟಾರ್ಚಿಗೆ ಕೆಂಪು ಕಾಗದ. ಮರದ ಕೆಳಗೆ ಯಾರನ್ನೂ ಬಿಡಲಿಲ್ಲ, ರಸ್ತೆಯ ಈಚೆ ಬದಿಯಲ್ಲೇ ನಿಲ್ಲಿಸಿದರು. ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಎದ್ದಿತು. ಮರವನ್ನು ಒಂದು ಸುತ್ತು ಹಾಕಿ ಪಡುವಣಕ್ಕೆ ಹೋಯಿತು. ಇನ್ನೊಂದು. ಆಮೇಲೆ ಸಾಲು ಸಾಲು. ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗಿಂತ ಜಾಸ್ತಿ ಅಗಲ. ಅಷ್ಟು ದೊಡ್ಡ ಜೀವಗಳು ಅಷ್ಟೊಂದು ತಲೆಯ ಮೇಲೆ ಹೋಗುವಾಗ ಕೇಳಿದ್ದು ಬಟ್ಟೆ ಕೊಡವಿದ ಹಾಗೆ ಮೆಲ್ಲನೆಯ ಸದ್ದು, ಅಷ್ಟೇ. ಸ್ವಯಂಸೇವಕರು ಆಕಾಶವನ್ನು ನಾಲ್ಕು ಪಾಲು ಮಾಡಿಕೊಂಡು ಒಬ್ಬೊಬ್ಬರು ಒಂದೊಂದು ದಿಕ್ಕಿನ ಲೆಕ್ಕ ಇಡುತ್ತಿದ್ದರು. ನನ್ನ ಪಕ್ಕದ ಹುಡುಗ ನೂರರವರೆಗೆ ಎಣಿಸಿ, ಲೆಕ್ಕ ತಪ್ಪಿ, ಸುಮ್ನೆ ಬಾಯಿ ತೆರೆದು ನಿಂತುಬಿಟ್ಟ. ಅವನ ಅಮ್ಮ ಬಾಯಿ ಮುಚ್ಚು ಎಂದರು. ಅದೂ ಒಳ್ಳೆಯ ಸಲಹೆಯೇ.

ಆಮೇಲೆ ಬೈಲಿಗೆ ಕರೆದುಕೊಂಡು ಹೋದರು. ಅಲ್ಲಿ ಸಣ್ಣ ಬಾವಲಿಗಳು, ಹುಳ ಹಿಡಿಯುವವು. ಒಬ್ಬ ಹುಡುಗಿಯ ಕೈಯಲ್ಲಿ ರೇಡಿಯೋದಂಥ ಪುಟ್ಟ ಯಂತ್ರ. ನಮ್ಮ ಕಿವಿಗೆ ಕೇಳಿಸದ ಅವುಗಳ ಕೂಗನ್ನು ಅದು ಕೇಳುವ ಹಾಗೆ ಮಾಡುತ್ತದೆ. ಚಟ್, ಚಟ್, ಚಟ್ ಎಂದು ನಿಧಾನ. ಹುಳ ಹತ್ತಿರವಾದಂತೆ ಚಟಚಟ ವೇಗವಾಗಿ, ಕೊನೆಗೆ ಬಟ್ಟೆ ಹರಿದ ಹಾಗೆ ಸರ್ರ್. ಹಿಡಿಯಿತು! ನನಗೆ ಮೈ ಜುಮ್ಮೆಂದಿತು. ಬೈಲಿನ ಬದಿಯ ಮನೆಗಳಲ್ಲಿ ಹುಟ್ಟಿ ಬೆಳೆದವನು ನಾನು. ಇಷ್ಟು ವರ್ಷ ತಲೆಯ ಮೇಲೆ ಈ ಗಲಾಟೆ ನಡೆದಿದ್ದು ನನಗೆ ಗೊತ್ತೇ ಇರಲಿಲ್ಲ.

ಇಟಲಿಯ ಸ್ಪಾಲನ್ಜಾನಿ ಎಂಬವರು 1793ರಲ್ಲಿ ಕಣ್ಣಿಲ್ಲದ ಬಾವಲಿಯೂ ಕೋಣೆಯಲ್ಲಿ ಕಟ್ಟಿದ ದಾರಕ್ಕೆ ತಾಗದೆ ಹಾರುವುದನ್ನು ಕಂಡರು. ಕಿವಿ ಮುಚ್ಚಿದರೆ ದಾರಿ ತಪ್ಪುತ್ತದೆ ಎಂದು ಜಿನೀವಾದ ಜ್ಯೂರಿನ್ ತೋರಿಸಿದರು. ಹೆಚ್ಚಿನ ಪಂಡಿತರು ನಂಬಲಿಲ್ಲ. 1938ರಲ್ಲಿ ಅಮೆರಿಕದ ಡೊನಾಲ್ಡ್ ಗ್ರಿಫಿನ್ ಎಂಬ ವಿದ್ಯಾರ್ಥಿ ಒಂದು ಯಂತ್ರದ ಮುಂದೆ ಬಾವಲಿ ಹಿಡಿದಾಗ ಗುಟ್ಟು ಹೊರಬಿತ್ತು. ಕೂಗಿ, ಪ್ರತಿಧ್ವನಿ ಕೇಳಿ, ದಾರಿ ಕಂಡುಕೊಳ್ಳುತ್ತವೆ. ಸುಮಾರು ನೂರೈವತ್ತು ವರ್ಷ ಹಿಡಿಯಿತು ಇದಕ್ಕೆ. ನಿಮ್ಮ ಬೈಲಿನಲ್ಲಿ ಮಕ್ಕಳು ಇದನ್ನು ಹತ್ತು ನಿಮಿಷದಲ್ಲಿ ಕಿವಿಯಾರೆ ಕೇಳಿ ಕಲಿತರು. ಗೋಳಿಮರದ ದೊಡ್ಡ ಬಾವಲಿ ಮಾತ್ರ ಹಾಗೆ ಕೂಗುವುದಿಲ್ಲ, ಕಣ್ಣಿನಿಂದಲೇ ನೋಡುತ್ತದೆ. ಬಾವಲಿಗೆ ಕಣ್ಣು ಕಾಣುವುದಿಲ್ಲ ಎಂದು ನನಗೆ ಶಾಲೆಯಲ್ಲಿ ಕಲಿಸಿದ್ದರು. ನೀವು ಅಷ್ಟು ವರ್ಷ ಪಾಠ ಮಾಡಿದವರು. ಹಾಗೆ ಕಲಿಸಿದ್ದರೆ ಮೊಮ್ಮಗಳ ಹತ್ತಿರ ತಿದ್ದಿಸಿಕೊಳ್ಳಿ.

ಬಾವಲಿ ಎಂದರೆ ನಮಗೆ ಇಷ್ಟು ತಾತ್ಸಾರ ಬಂದದ್ದಕ್ಕೆ ಕಾನೂನಿನ ಪಾಲೂ ಇದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣಿನ ಬಾವಲಿಯನ್ನು ಇಲಿ, ಕಾಗೆಗಳ ಜೊತೆ ಉಪದ್ರವಿ ಪ್ರಾಣಿಗಳ ಪಟ್ಟಿಗೆ ಹಾಕಿದ್ದರು. ಯಾರು ಬೇಕಾದರೂ ಕೊಲ್ಲಬಹುದಿತ್ತು. ಅಸ್ತಮಾಕ್ಕೆ ಮದ್ದು ಎಂದು ಹೊಡೆದು ತಿಂದವರೂ ಇದ್ದಾರೆ, ಮದ್ದಂತೂ ಅಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಆ ಪಟ್ಟಿಯೇ ಹೋಯಿತು. ನಿಮ್ಮ ಮರದ ದೊಡ್ಡ ಬಾವಲಿಗೆ ಈಗ ರಕ್ಷಣೆ ಇದೆ. ಊರಿನ ಆ ನಾಲ್ಕು ಜನರಿಗೆ ಇದನ್ನು ದಯವಿಟ್ಟು ಓದಿ ಹೇಳಿ. ಇನ್ನೊಂದು ಮಾತನ್ನೂ ಹೇಳಿ. ಅದು ವರ್ಷಕ್ಕೆ ಹೆರುವುದು ಸಾಮಾನ್ಯವಾಗಿ ಒಂದೇ ಮರಿ. ಒಂದು ಮರ ಹೋದರೆ ಆ ಸಂಸಾರ ಮತ್ತೆ ತುಂಬಿಕೊಳ್ಳಲು ವರ್ಷಗಳು ಬೇಕು.

ಮರ ಎಂದಾಗ ನನಗೆ ಸಿಟ್ಟು ಬರುತ್ತದೆ. ತಲಪಾಡಿಯಿಂದ ಕುಂದಾಪುರದವರೆಗೆ ಹೆದ್ದಾರಿ ಅಗಲವಾದಾಗ ಎಷ್ಟು ಗೋಳಿಮರ ಉರುಳಿದವು? ಅದಾದರೂ ರಸ್ತೆ ಎನ್ನೋಣ. ನಾಗಬನಗಳಿಗೆ ಏನಾಗಿತ್ತು? ಬನ ಎಂದರೆ ಬಳ್ಳಿ, ಪೊದೆ, ಹುತ್ತ, ನೆರಳು. ಈಗ ಎಲ್ಲಿ ನೋಡಿದರೂ ಮರ ಕಡಿದು, ನೆಲಕ್ಕೆ ಇಂಟರ್‌ಲಾಕ್ ಹಾಕಿ, ಗ್ರಾನೈಟ್ ಕಟ್ಟೆ ಕಟ್ಟಿ, ಮೇಲೆ ಶೀಟಿನ ಚಪ್ಪರ. ಜೀರ್ಣೋದ್ಧಾರ ಎನ್ನುತ್ತಾರೆ. ನಾಗನಿಗೆ ತಂಪು ಬೇಕೆಂದು ತಂಬಿಲ ಕೊಡುವವರೇ ನಾಗನ ತಲೆಯ ಮೇಲಿನ ನೆರಳು ತೆಗೆದರು. ನನಗೆ ಇದು ಅರ್ಥವೇ ಆಗಿಲ್ಲ.

ಮನೆಗಳೂ ಹಾಗೆಯೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಊರೆಲ್ಲ ಕೆಂಪು ಮಾಡು ಬಂತು. ಆ ಹಂಚಿನ ಸಂದಿಯಲ್ಲಿ ಸಣ್ಣ ಬಾವಲಿಗೆ ಬಾಡಿಗೆಯಿಲ್ಲದ ಮನೆ ಸಿಕ್ಕಿತು. ಈಗ ತಾರಸಿ, ಗಾಜು. ಅದರ ಮೇಲೆ ರಾತ್ರಿಯಿಡೀ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ. ಬೆಳಕಿಗೆ ಹೆದರುವ ಜಾತಿಯವು ಆ ದಾರಿಯನ್ನೇ ಬಿಡುತ್ತವೆ. ನಾನು ಮೊದಲು ಇದ್ದ ವಸತಿ ಸಮುಚ್ಚಯವೊಂದರಲ್ಲಿ ಜೆನರೇಟರ್ ಕೋಣೆಯ ಗೋಡೆಯ ಬಿರುಕಿನಲ್ಲಿ ಏಳೆಂಟು ಸಣ್ಣ ಬಾವಲಿಗಳಿದ್ದವು. ಯಾರಿಗೂ ತೊಂದರೆ ಇರಲಿಲ್ಲ. ಒಂದು ದಿನ ಹೊಗೆ ಹಾಕಿ ಬಿರುಕಿಗೆ ಸಿಮೆಂಟ್ ತುಂಬಿಸಿದರು. ಒಳಗೆ ಉಳಿದವು ಒಳಗೇ ಉಳಿದವು. ನಾನು ಊರಲ್ಲಿರಲಿಲ್ಲ. ಇದ್ದಿದ್ದರೆ ತಡೆಯುತ್ತಿದ್ದೆನಾ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಆಗ ನನಗೂ ಅವುಗಳ ಪರಿಚಯ ಇರಲಿಲ್ಲ ನೋಡಿ.

ಅದಕ್ಕೇ ಆ ಹುಡುಗ ಹುಡುಗಿಯರ ಮೇಲೆ ನನಗೆ ಇಷ್ಟು ಪ್ರೀತಿ. ಅವರಿಗೆ ಸಂಬಳವಿಲ್ಲ. ಕೆಲಸ ಮುಗಿಸಿ, ತಮ್ಮ ಪೆಟ್ರೋಲ್ ಹಾಕಿಕೊಂಡು ಬರುತ್ತಾರೆ. ಅಮೆರಿಕದ ಆಸ್ಟಿನ್ ನಗರದಲ್ಲಿ 1980ರಲ್ಲಿ ಒಂದು ಸೇತುವೆ ರಿಪೇರಿಯಾದ ಮೇಲೆ ಅದರ ಅಡಿಯ ಸಂದಿಗಳಲ್ಲಿ ಲಕ್ಷಗಟ್ಟಲೆ ಬಾವಲಿಗಳು ಬಂದು ಸೇರಿದವು. ಜನ ಹೆದರಿ ಓಡಿಸಿ ಎಂದರು. ಮರ್ಲಿನ್ ಟಟಲ್ ಎಂಬ ವಿಜ್ಞಾನಿ ಆ ಊರಿಗೇ ಬಂದು ನೆಲೆಸಿ ಜನರ ಹತ್ತಿರ ಮಾತಾಡಿದರು, ತೋರಿಸಿದರು. ಈಗ ಬೇಸಿಗೆಯ ಸಂಜೆ ಅವು ಹೊರಡುವುದನ್ನು ನೋಡಲು ಸೇತುವೆ ಮೇಲೆ ಜನ ಕಿಕ್ಕಿರಿಯುತ್ತಾರೆ. ಅಲ್ಲಿ ಬಾವಲಿ ಬದಲಾಗಲಿಲ್ಲ, ಅಲ್ವಾ?

ನಮ್ಮ ಮಕ್ಕಳಿಗೆ ಮುಸ್ಸಂಜೆಯೇ ಸಿಗುತ್ತಿಲ್ಲ. ಆ ಹೊತ್ತಿಗೆ ಟ್ಯೂಷನ್, ಇಲ್ಲವೇ ಮೊಬೈಲ್. ಕತ್ತಲೆ ಇಳಿಯುವುದನ್ನು ಜಗಲಿಯಲ್ಲಿ ಕೂತು ನೋಡಿದ ಹುಡುಗರು ನಿಮ್ಮ ಊರಲ್ಲೇ ಎಷ್ಟಿದ್ದಾರೆ? ಸೂಟೆ ಹಿಡಿದು ಯಕ್ಷಗಾನಕ್ಕೆ ಹೋಗುತ್ತಿದ್ದ ನಮಗೆ ಕತ್ತಲೆ ಎಂದರೆ ದಾರಿ. ಅವರಿಗೆ ಕರೆಂಟ್ ಹೋದಾಗಿನ ತೊಂದರೆ. ನಿಮ್ಮ ಮೊಮ್ಮಗಳು ತಾನಾಗಿಯೇ ಕತ್ತಲೆಗೆ ಹೋಗುತ್ತೇನೆ ಎಂದಳು. ಆ ಮಗುವನ್ನು ನೀವು ತಡೆಯದೆ ಇದ್ದಿದ್ದರೆ ಚೆನ್ನಾಗಿತ್ತು.

ಬೇರೆ ದೇಶಗಳಲ್ಲಿ ಆಚರಿಸುವ 'ಅಂತರರಾಷ್ಟ್ರೀಯ ಬಾವಲಿ ರಾತ್ರಿ' ಬರುವುದು ಆಗಸ್ಟ್ ಕೊನೆಯ ವಾರ. ನಮಗದು ಜಡಿಮಳೆಯ ಕಾಲ. ನಮ್ಮವರು ಮಳೆ ಬಿಟ್ಟ ಮೇಲೆ ಶುರು ಮಾಡುತ್ತಾರೆ. ನವೆಂಬರ್ ಮೊದಲ ಶನಿವಾರ ನಾನು ಬರುತ್ತೇನೆ. ಐದೂಮುಕ್ಕಾಲಿಗೆ ನಿಮ್ಮ ಗೇಟಿನ ಹತ್ತಿರ ಇರುತ್ತೇನೆ. ನಿಮಗೂ ಮೊಮ್ಮಗಳಿಗೂ ಟೊಪ್ಪಿ ನಾನೇ ತರುತ್ತೇನೆ. ಬೆಲ್ಲ ನೀರು ನಿಮ್ಮದು.