ಹತ್ತಿದ್ದು, ಇಳಿದದ್ದು: ಒಬ್ಬ ನಿರ್ವಾಹಕರ ಹೊಟ್ಟೆಯ ಕಥೆ

ಆಪ್ತಸಲಹೆಗೆಂದು ಮೊದಲ ದಿನ ನನ್ನ ಬಳಿ ಬಂದವರು ಕೂರುವ ಮುಂಚೆಯೇ ಕೇಳಿದರು: "ಮೇಡಂ, ಇಲ್ಲಿ ಶೌಚಾಲಯ ಎಲ್ಲಿದೆ?" ತೋರಿಸಿದೆ. ಹೋಗಲಿಲ್ಲ. ಎಲ್ಲಿದೆ ಎಂದು ಗೊತ್ತಾದರೆ ಅವರಿಗೆ ಸಾಕಿತ್ತು. ಬಾಗಿಲಿಗೆ ಹತ್ತಿರವಿದ್ದ ಕುರ್ಚಿಯನ್ನು ಆರಿಸಿಕೊಂಡು ಕುಳಿತರು.

ವಯಸ್ಸು 42. ಮಧ್ಯ ಕರ್ನಾಟಕದ ಊರೊಂದರಿಂದ ಬೆಂಗಳೂರಿಗೆ ಹೋಗಿಬರುವ ಬಸ್ಸಿನ ನಿರ್ವಾಹಕರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ; ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಹೆಸರಿನ ಬದಲು ನಿರ್ವಾಹಕರು ಎಂದೇ ಕರೆಯುತ್ತೇನೆ.

ಜೊತೆಗೆ ಬಂದಿದ್ದ ಪತ್ನಿಯೇ ಮಾತು ಶುರು ಮಾಡಿದರು. "ಮೂವರು ಡಾಕ್ಟರಿಗೆ ತೋರಿಸಿದ್ದಾಯಿತು, ಸ್ಕ್ಯಾನಿಂಗೂ ಆಯಿತು. ಏನೂ ಇಲ್ಲ, ಟೆನ್ಶನ್ ಮಾಡಿಕೊಳ್ಳಬೇಡಿ ಎನ್ನುತ್ತಾರೆ. ಏನೂ ಇಲ್ಲದಿದ್ದರೆ ಇವರು ಬೆಳಗಿನ ಜಾವ ಎದ್ದು ನಾಲ್ಕು ಸಲ ಹೋಗುವುದು ಏಕೆ ಮೇಡಂ?"

ನ್ಯಾಯವಾದ ಪ್ರಶ್ನೆ. ಎರಡು ವರ್ಷಗಳಿಂದ ಹೊಟ್ಟೆ ನುಲಿತ, ಉಬ್ಬರ, ದಿನಕ್ಕೆ ನಾಲ್ಕೈದು ಬಾರಿ ಸಡಿಲ ಭೇದಿ. ಯಾವುದೋ ತರಕಾರಿ ತಿಂದ ದಿನ ಹೆಚ್ಚಾಯಿತೆಂದು ಆ ತರಕಾರಿ ಬಿಟ್ಟರು. ಹಾಗೆ ಹಾಲು ಹೋಯಿತು, ಬದನೆಕಾಯಿ ಹೋಯಿತು, ಮೊಸರು, ಟೊಮೆಟೊ, ತೊಗರಿಬೇಳೆ, ಕೊನೆಗೆ ರೊಟ್ಟಿಯೂ. ಉಳಿದದ್ದು ಇಡ್ಲಿ, ಬ್ರೆಡ್ಡು, ಬಿಸ್ಕತ್ತು, ಚಹಾ. ಡ್ಯೂಟಿಯ ದಿನ ಬೆಳಗಿನಿಂದ ಏನೂ ತಿನ್ನದೆ ರಾತ್ರಿ ಹತ್ತಕ್ಕೆ ಮನೆಗೆ ಬಂದು ಹಸಿವೆಲ್ಲ ತೀರುವಂತೆ ಉಣ್ಣುವುದು. "ಇವರಿಗೆ ಏನು ಮಾಡಿಹಾಕಲಿ ಎಂಬುದೇ ನನಗೆ ಈಗ ತಲೆನೋವು" ಎಂದರು ಆಕೆ.

ಹೊರಡುವ ಹೊತ್ತಿಗೆ ನಿರ್ವಾಹಕರು ಮತ್ತೆರಡು ಮಾತು ಸೇರಿಸಿದರು. ಒಂದು ವರ್ಷದಲ್ಲಿ ಐದು ಕಿಲೋ ಇಳಿದಿದ್ದರು. ಪಾದಗಳು ಜುಮುಗುಡುತ್ತಿದ್ದವು, ನಾಲಗೆ ಉರಿಯುತ್ತಿತ್ತು.

ಅಲ್ಲಿಗೆ ನಾನು ಆಪ್ತಸಲಹೆಯ ಪುಸ್ತಕ ಮುಚ್ಚಿಟ್ಟೆ. ತೂಕ ಇಳಿಯುವುದು, ಮಲದಲ್ಲಿ ರಕ್ತ, ಜ್ವರ, ರಕ್ತಹೀನತೆ, ಗಾಢನಿದ್ದೆಯಿಂದ ಎಬ್ಬಿಸುವ ಭೇದಿ, 50ರ ನಂತರ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದುದು: ಇವುಗಳಲ್ಲಿ ಒಂದಿದ್ದರೂ ವೈದ್ಯರು ನೋಡಿ ಮುಗಿಸುವ ತನಕ 'ಒತ್ತಡ' ಎಂಬ ಪದ ನನ್ನ ಬಾಯಿಂದ ಬರಬಾರದು. ವೃತ್ತಿಗೆ ಹೊಸಬಳಾಗಿದ್ದಾಗ ಈ ತಪ್ಪನ್ನು ನಾನು ಒಮ್ಮೆ ಮಾಡಿದ್ದೇನೆ. ಒಬ್ಬರ ಥೈರಾಯ್ಡ್ ತೊಂದರೆಯನ್ನು ಎರಡು ತಿಂಗಳು ಆತಂಕದ ಖಾತೆಗೆ ಬರೆದುಕೊಂಡಿದ್ದೆ. ಹೀಗಾಗಿ ವೈದ್ಯರೊಬ್ಬರಿಗೆ ಪತ್ರ ಬರೆದುಕೊಟ್ಟು, ಫಲಿತಾಂಶದೊಂದಿಗೆ ಬನ್ನಿ ಎಂದೆ.

ಥೈರಾಯ್ಡ್ ಸರಿಯಿತ್ತು. ಗೋಧಿಯ ಅಂಟು ಒಗ್ಗದ ಸೀಲಿಯಾಕ್ ರೋಗದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಕರುಳಿನಲ್ಲಿ ಉರಿಯೂತವಿದೆಯೇ ಎಂದು ತಿಳಿಸುವ ಮಲಪರೀಕ್ಷೆಯೂ ಸಹಜವಾಗಿತ್ತು. ವಿಟಮಿನ್ ಬಿ12 ಮಾತ್ರ ತಳ ಕಂಡಿತ್ತು. ಸಸ್ಯಾಹಾರಿ ಮನೆ, ಅದರ ಮೇಲೆ ಹಾಲು ಮೊಸರನ್ನೂ ಬಿಟ್ಟಿದ್ದಾರೆ. ಅದೂ ಸಾಲದೆಂಬಂತೆ ಆರು ವರ್ಷಗಳಿಂದ ಮೆಡಿಕಲ್ ಶಾಪಿನಲ್ಲಿ ತಾವೇ ಕೇಳಿ ತಂದ ಪ್ಯಾಂಟೊಪ್ರಜೋಲ್ ಮಾತ್ರೆ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಆಹಾರದೊಳಗಿನ ಬಿ12 ಬಿಡಿಸಿಕೊಳ್ಳಲು ಜಠರದ ಆಮ್ಲ ಬೇಕು. ಈ ಮಾತ್ರೆ ತಗ್ಗಿಸುವುದು ಅದೇ ಆಮ್ಲವನ್ನು. ಪಾದದ ಜುಮುಜುಮು, ನಾಲಗೆಯ ಉರಿ, ಒಂದಿಷ್ಟು ಸುಸ್ತು ಮಂಕುಗಳ ಬೇರು ಇಲ್ಲಿತ್ತು. ಇಂಜೆಕ್ಷನ್ ಆರಂಭವಾಯಿತು. ತೂಕ ಇಳಿದದ್ದು ಉಣ್ಣದೆ ಇದ್ದುದರಿಂದ ಎಂದು ವೈದ್ಯರು ತೀರ್ಮಾನಿಸಿದರು. ಹೊಟ್ಟೆಯ ತೊಂದರೆಗೆ ಅವರು ಕೊಟ್ಟ ಹೆಸರು ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್, ಕೆರಳುವ ಕರುಳು. ಕರುಳಿನ ರಚನೆಯಲ್ಲಿ ಹುಣ್ಣು, ಗಡ್ಡೆ ಏನೂ ಕಾಣುವುದಿಲ್ಲ. ಕೆಡುವುದು ಅದರ ಚಲನೆ, ಅದರ ಸಂವೇದನೆ. ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದರೂ ನೋವು ನಿಜ. ಇದನ್ನು ಹೇಳಿದಾಗ ಆ ಪತ್ನಿ ಗಂಡನ ಕಡೆ ತಿರುಗಿ ನೋಡಿದ ನೋಟ ನೆನಪಿದೆ. ಒಂದು ವರ್ಷ ನಾಟಕ ಎಂದುಕೊಂಡಿದ್ದೆನಲ್ಲ ಎಂಬಂತಿತ್ತು.

ಎರಡನೆಯ ಬಾರಿ ಒಬ್ಬರೇ ಬಂದರು. ಶುರುವಾದದ್ದು ಯಾವಾಗ ಎಂದು ಕೇಳಿದೆ. ಬಹಳ ಹೊತ್ತು ಟಿಕೆಟ್ ಯಂತ್ರದ ಗುಂಡಿಗಳನ್ನು ಒತ್ತುವವರಂತೆ ಹೆಬ್ಬೆರಳನ್ನು ಬೆರಳುಗಳ ಮೇಲೆ ಆಡಿಸುತ್ತಾ ಕುಳಿತಿದ್ದು, ಆಮೇಲೆ ಹೇಳಿದರು. ಎರಡು ವರ್ಷದ ಹಿಂದೆ ಊರ ಜಾತ್ರೆ ಮುಗಿಸಿ ಬಂದವರಿಗೆ ವಾಂತಿಭೇದಿ. ಮೂರನೆಯ ದಿನಕ್ಕೇ ಡ್ಯೂಟಿ. ಹೆದ್ದಾರಿಯಲ್ಲಿ ಕತ್ತಲೆಯಾದ ಮೇಲೆ ತಡೆಯಲಾಗದೆ ಚಾಲಕರಿಗೆ ಹೇಳಿ ಬಸ್ ನಿಲ್ಲಿಸಿದರು. ಪೊದೆಯ ಮರೆಯಿಂದ ಮರಳಿ ಬಸ್ಸು ಹತ್ತುವಾಗ ಹಿಂದಿನ ಸೀಟಿನಿಂದ ಯಾರೋ ಅಂದರು: "ಕಂಡಕ್ಟರಿಗೇ ಸ್ಟಾಪ್ ಬೇಕಂತೆ!" ಇಡೀ ಬಸ್ಸು ನಕ್ಕಿತು. ಅವರು ಉಳಿದ ಟಿಕೆಟ್ ಕೊಟ್ಟು ಮುಗಿಸಿದರು.

"ಮನೆಯಲ್ಲಿ ಹೇಳಲಿಲ್ಲವೇ?"

"ಏನಂತ ಹೇಳಲಿ? ಹೊಟ್ಟೆಗೆ ಹಾಕಿಕೊಂಡೆ ಮೇಡಂ."

ಆ ಮಾತನ್ನು ಅವರು ಸಹಜವಾಗಿಯೇ ಆಡಿದರು. ಕನ್ನಡದಲ್ಲಿ ಕ್ಷಮೆಯೂ ಹೊಟ್ಟೆಯಲ್ಲೇ, ಅಸೂಯೆಯೂ ಹೊಟ್ಟೆಯಲ್ಲೇ, ಮಮತೆ ಕರುಳಿನಲ್ಲಿ. ಇದನ್ನು ವಿಜ್ಞಾನವೆಂದು ಹೊಗಳುವವಳು ನಾನಲ್ಲ. ಆದರೆ ಆ ನಗು ಇನ್ನೂ ಇಳಿಯದೆ ಅಲ್ಲೇ ಕೂತಿತ್ತು ಎಂಬುದು ನನಗೆ ಸ್ಪಷ್ಟವಾಯಿತು.

ಜೋರಾದ ವಾಂತಿಭೇದಿಯ ನಂತರ ಹತ್ತರಲ್ಲಿ ಒಬ್ಬರಿಗೆ ಐಬಿಎಸ್ ಉಳಿದುಕೊಳ್ಳುತ್ತದೆ. ಆ ದಿನಗಳಲ್ಲಿ ಮನಸ್ಸೂ ಕದಡಿದ್ದರೆ ಸಂಭವ ಹೆಚ್ಚು. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಮಿಕ್ಕಿದ ನರಕೋಶಗಳಿವೆ. ಸೋಂಕು ಹೋದರೂ ಅವು ಚುರುಕಾಗಿಯೇ ಉಳಿಯಬಹುದು, ಬೇರೆಯವರಿಗೆ ಗೊತ್ತೇ ಆಗದಷ್ಟು ವಾಯು ಇವರಿಗೆ ನೋವಾಗಿ ಕಾಣುತ್ತದೆ. ಮೆದುಳಿಗೂ ಕರುಳಿಗೂ ನಡುವೆ ವೇಗಸ್ ಎಂಬ ನರವಿದೆ. ಅದರ ಐದು ಎಳೆಗಳಲ್ಲಿ ಸುಮಾರು ನಾಲ್ಕು ಒಳಾಂಗಗಳಿಂದ ಮೆದುಳಿಗೆ ಸುದ್ದಿ ಒಯ್ಯುತ್ತವೆ, ಕೆಳಗೆ ಆಜ್ಞೆ ತರುವವು ಕಡಿಮೆ. "ಬೆಂಗಳೂರಿಗೆ ಹೋಗುವ ಬಸ್ಸೇ ಜಾಸ್ತಿ, ಬರುವುದು ಕಮ್ಮಿ ಎನ್ನಿ" ಎಂದರು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುವುದಿಲ್ಲ.

ಅವರ ಜೇಬಿನಲ್ಲಿ, ಒತ್ತಡದ ಹಾರ್ಮೋನು ಎಂದು ಕರೆಯುವ ಕಾರ್ಟಿಸೋಲ್‌ನ ಪರೀಕ್ಷೆಯ ಒಂದು ಚೀಟಿಯೂ ಇತ್ತು. ಮೊಬೈಲಿನಲ್ಲಿ ಯಾರದೋ ವಿಡಿಯೊ ನೋಡಿ, ದುಡ್ಡು ಕೊಟ್ಟು, ಮಧ್ಯಾಹ್ನ ಒಂದು ಗಂಟೆಗೆ ಮಾಡಿಸಿದ್ದು. ಸಹಜ ಎಂದು ಬಂದದ್ದಕ್ಕೆ ಅವರಿಗೆ ನಿರಾಸೆಯೇ ಆಗಿತ್ತು. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಗ್ರಂಥಿಗಳಿಂದ ಬರುವ ಈ ಹಾರ್ಮೋನು ಬೆಳಿಗ್ಗೆ ಏರಿರುತ್ತದೆ, ನಡುರಾತ್ರಿಯ ಹೊತ್ತಿಗೆ ತೀರಾ ಇಳಿದಿರುತ್ತದೆ. ಒಂದು ಹೊತ್ತಿನ ಒಂದು ಅಂಕಿಯಿಂದ ಯಾರ ಒತ್ತಡವನ್ನೂ ಅಳೆಯಲಾಗದು. ಆ ಪರೀಕ್ಷೆ ಇರುವುದು ಆ ಗ್ರಂಥಿಗಳ ಕಾಯಿಲೆ ಹುಡುಕುವುದಕ್ಕೆ. ಕಾರ್ಟಿಸೋಲನ್ನು ಶತ್ರುವೆಂದು ಚಿತ್ರಿಸುವ ವಿಡಿಯೊಗಳ ಮೇಲೆ ನನಗೆ ಸಿಟ್ಟಿದೆ. ಅದಿಲ್ಲದಿದ್ದರೆ ಬೆಳಿಗ್ಗೆ ಹಾಸಿಗೆಯಿಂದ ಏಳಲೂ ತ್ರಾಣವಿರದು. ಇಂಥ ವಿಡಿಯೊಗಳು ಸಂತೋಷದ ರಾಸಾಯನಿಕ ಎಂದು ಕರೆಯುವ ಸಿರೊಟೋನಿನ್‌ನಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ಕರುಳಿನಲ್ಲೇ ತಯಾರಾಗುತ್ತದೆ ಎಂಬುದು ನಿಜ. ಆದರೆ ಅದು ರಕ್ತದ ಮೂಲಕ ಮೆದುಳಿನೊಳಗೆ ದಾಟುವುದಿಲ್ಲ. ಹೀಗಿರುವಾಗ 'ಈ ಪುಡಿ ತಿಂದರೆ ಕರುಳಿಂದ ಸಂತೋಷ ಉಕ್ಕುತ್ತದೆ' ಎನ್ನುವವರು ಪುಡಿ ಮಾರುವವರೇ ಆಗಿರುತ್ತಾರೆ.

ನಿರ್ವಾಹಕರ ದೇಹದಲ್ಲಿ ಆಗುತ್ತಿದ್ದದ್ದು ಸರಳ. ನಾಲ್ಕಕ್ಕೆ ಅಲಾರಾಂ. ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸೋಲ್ ಏರುತ್ತದೆ, ಅದೇ ಹೊತ್ತಿಗೆ ದೊಡ್ಡಕರುಳೂ ಎಚ್ಚರಗೊಳ್ಳುತ್ತದೆ. ಇದು ಎಲ್ಲರಿಗೂ ಉಂಟು. ಇವರಿಗೆ ಅದರ ಮೇಲೆ ಭಯ: ಇವತ್ತು ದಾರಿಯಲ್ಲಿ ಆದರೆ? ಭಯವಾದಾಗ ಮೆದುಳು ಬಿಡುವ ಮೊದಲ ಸಂದೇಶವಾಹಕವೇ ದೊಡ್ಡಕರುಳಿನ ಓಟವನ್ನು ಹೆಚ್ಚಿಸುತ್ತದೆ. ಖಾಲಿ ಹೊಟ್ಟೆಗೆ ಎರಡು ಲೋಟ ಕಡಕ್ ಚಹಾ ಬಿದ್ದರಂತೂ ಮುಗಿಯಿತು.

ದಿನಚರಿ ಬರೆಯಿರಿ ಎಂದರೆ ಹೆಚ್ಚಿನವರು ಮೂರು ದಿನ ಬರೆದು ಬಿಡುತ್ತಾರೆ. ಇವರು ವೇ-ಬಿಲ್ಲಿನ, ಅಂದರೆ ನಿರ್ವಾಹಕರು ಟಿಕೆಟ್ ಲೆಕ್ಕ ಬರೆಯುವ ಹಾಳೆಯ, ಮಾದರಿಯಲ್ಲಿ ಗೆರೆ ಎಳೆದು ತಂದರು. ಸಮಯ, ಸ್ಥಳ, 'ಹತ್ತಿದ್ದು' ಎಂಬ ಅಂಕಣದಲ್ಲಿ ತಿಂದದ್ದು, 'ಇಳಿದದ್ದು' ಎಂಬುದರಲ್ಲಿ ನಿಮಗೆ ತಿಳಿದದ್ದೇ. ಕೊನೆಯ ಅಂಕಣ ನಾನು ಸೇರಿಸಿದ್ದು: ಭಯ, ಹತ್ತಕ್ಕೆ ಎಷ್ಟು. ಮೂರು ವಾರದ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆವು. ವಾರದ ರಜೆಯ ದಿನ ಮಂಡಕ್ಕಿಯ ಜೊತೆ ಮಿರ್ಚಿ ತಿಂದಿದ್ದರು, ಭಯ ಸೊನ್ನೆ, ಇಳಿದದ್ದು ಒಂದೇ ಸಲ. ಡ್ಯೂಟಿಯ ದಿನ ಬರೀ ಇಡ್ಲಿ, ಭಯ ಎಂಟು, ಇಳಿದದ್ದು ಐದು ಸಲ. ಅವರೇ ಹಾಳೆಯ ಮೇಲೆ ಬೆರಳಿಟ್ಟು, "ಹಾಗಾದರೆ ಎರಡು ವರ್ಷ ಬದನೆಕಾಯಿಯನ್ನು ಸುಮ್ಮನೆ ಬೈದೆ" ಎಂದರು. ಪೂರ್ತಿ ಹಾಗೂ ಅಲ್ಲ. ಹಸಿ ಈರುಳ್ಳಿ ಮತ್ತು ಹುರುಳಿಕಾಳು ಬಿದ್ದ ದಿನ, ಭಯ ಇಲ್ಲದಾಗಲೂ ಉಬ್ಬರವಿತ್ತು. ಇವುಗಳಲ್ಲಿನ ಕೆಲವು ಸಕ್ಕರೆಗಳು ಸಣ್ಣಕರುಳಿನಲ್ಲಿ ಅರಗದೆ ದೊಡ್ಡಕರುಳಿಗೆ ಹೋಗಿ ಹುದುಗುತ್ತವೆ.

ನಾನು ಮತ್ತು ವೈದ್ಯರು ಸೇರಿ ಹೇಳಿದ್ದು ಇಷ್ಟು. ಪ್ಯಾಂಟೊಪ್ರಜೋಲನ್ನು ಥಟ್ಟನೆ ಬಿಟ್ಟರೆ ಆಮ್ಲ ಪುಟಿದೇಳುತ್ತದೆ, ಆದ್ದರಿಂದ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸುವುದು. ಎದ್ದ ಕೂಡಲೇ ಚಹಾ ಬೇಡ, ಮೊದಲು ಒಂದು ಲೋಟ ತೆಳ್ಳಗಿನ ರಾಗಿ ಅಂಬಲಿ, ಅದಕ್ಕೆ ಮಜ್ಜಿಗೆ. ಚಹಾ ಒಂದು ಗಂಟೆ ಬಿಟ್ಟು, ಒಂದೇ ಲೋಟ. ಮಧ್ಯಾಹ್ನ ಮೊಸರನ್ನದ ಡಬ್ಬಿ ಕಡ್ಡಾಯ, ಉಪವಾಸ ನಿಲ್ಲಬೇಕು. ರಾತ್ರಿ ಊಟ ಹಗುರ. ಇಸಬ್‌ಗೋಲು ಅರ್ಧ ಚಮಚದಿಂದ ಶುರು ಮಾಡಿ, ನೀರು ಜಾಸ್ತಿ ಕುಡಿದು, ನಿಧಾನವಾಗಿ ಏರಿಸುವುದು. ಬಿಟ್ಟಿದ್ದ ಉಳಿದ ಪದಾರ್ಥಗಳನ್ನು ಒಂದೊಂದಾಗಿ, ಮೂರು ಮೂರು ದಿನ ತಿಂದು ನೋಡಿ ಮರಳಿ ಮನೆಗೆ ಸೇರಿಸಿಕೊಳ್ಳುವುದು. ಮೊದಲ ಸರದಿ ರೊಟ್ಟಿಯದು. ವೈದ್ಯರು ರಾತ್ರಿಗೆ ಅಮಿಟ್ರಿಪ್ಟಿಲಿನ್ ಎಂಬ ಹಳೆಯ ಮಾತ್ರೆಯನ್ನು ತೀರಾ ಕಡಿಮೆ ಪ್ರಮಾಣದಲ್ಲಿ ಬರೆದಿದ್ದರು. ಅದು ಖಿನ್ನತೆಗೆ ಕೊಡುವ ಮಾತ್ರೆ ಎಂದು ಅಂಗಡಿಯವನು ಹೇಳಿದ್ದೇ ತಡ, ನಿರ್ವಾಹಕರು ಅದನ್ನು ಕಪಾಟಿನಲ್ಲಿಟ್ಟಿದ್ದರು. ಈ ಪ್ರಮಾಣದಲ್ಲಿ ಅದು ಕರುಳಿನ ಓಟವನ್ನೂ ನೋವಿನ ಸುದ್ದಿಯನ್ನೂ ತಗ್ಗಿಸುತ್ತದೆ, ವೈದ್ಯರನ್ನೇ ಇನ್ನೊಮ್ಮೆ ಕೇಳಿ ಎಂದೆ. ಕೇಳಿದರು, ತೆಗೆದುಕೊಂಡರು.

ಉಸಿರಾಟದ ಅಭ್ಯಾಸ ಅವರಿಗೆ ಮೊದಲು ತಮಾಷೆಯಾಗಿ ಕಂಡಿತು. ಹೊಟ್ಟೆಯ ಮೇಲೆ ಅಂಗೈ, ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ನಿಮಿಷಕ್ಕೆ ಆರು ಉಸಿರು, ಹತ್ತು ನಿಮಿಷ. ಬಸ್ ಬಿಡುವ ಮುಂಚೆ ತಮ್ಮ ಸೀಟಿನಲ್ಲೇ ಕೂತು ಮಾಡಿದರು. ಅದಕ್ಕಿಂತ ಕಷ್ಟದ್ದು ಬೇರೆ ಇತ್ತು. ಹೊರಡುವ ಮೊದಲು 'ಎದಕ್ಕೂ ಇರಲಿ' ಎಂದು ನಾಲ್ಕು ಸಲ ಹೋಗುತ್ತಿದ್ದರಲ್ಲ, ಅದನ್ನು ಮೂರಕ್ಕೆ, ಎರಡು ವಾರ ಬಿಟ್ಟು ಎರಡಕ್ಕೆ ಇಳಿಸಬೇಕಿತ್ತು. ಪ್ರತಿ ಬಾರಿ ಸುಮ್ಮನೆ ಹೋಗಿಬಂದಾಗಲೂ ಅಪಾಯವಿದೆ ಎಂದು ಮೆದುಳಿಗೆ ನಾವೇ ಸಾಕ್ಷಿ ಹೇಳಿದಂತಾಗುತ್ತದೆ. ಚೀಲದಲ್ಲಿದ್ದ ಇನ್ನೊಂದು ಜೊತೆ ಪ್ಯಾಂಟನ್ನು ನಾನು ಮುಟ್ಟಲಿಲ್ಲ. ಅದು ಇರಲಿ ಎಂದೆ.

ಇಷ್ಟಾದರೂ ಒಂದೂವರೆ ತಿಂಗಳಲ್ಲಿ ಭಯದ ಅಂಕಿ ಎಂಟರಿಂದ ಆರಕ್ಕೆ ಬಂದು ಅಲ್ಲೇ ನಿಂತಿತು. ನಾನು ಒಂದು ಪ್ರಶ್ನೆ ಕೇಳಿದೆ: ದಾರಿಯಲ್ಲಿ ನಿಲ್ಲಿಸಬೇಕಾಗಿ ಬಂದರೆ ಯಾರಿಗೆ ಹೇಳಬೇಕು? ಚಾಲಕರಿಗೆ. ಅವರಿಗೆ ನಿಮ್ಮ ತೊಂದರೆ ಗೊತ್ತೇ? ಇಲ್ಲ. ಮೂರು ವರ್ಷ ಒಂದೇ ಬಸ್ಸಿನಲ್ಲಿ ದುಡಿದಿದ್ದಾರೆ, ಗೊತ್ತಿಲ್ಲ.

ಹೇಳುವ ಮಾತನ್ನು ನನ್ನೆದುರು ಎರಡು ಸಲ ಆಡಿ ನೋಡಿಕೊಂಡು ಹೋದರು. ಆಮೇಲೆ ಏನಾಯಿತೆಂದು ಅವರ ಬಾಯಲ್ಲೇ ಕೇಳಬೇಕು: "ಟೋಲ್ ದಾಟಿದ ಮೇಲೆ ಹೇಳಿದೆ ಮೇಡಂ. ಅವರು ರಸ್ತೆಯ ಮೇಲಿನ ಕಣ್ಣು ತೆಗೆಯದೆ, 'ನನಗೆ ಸಕ್ಕರೆ ಕಾಯಿಲೆ, ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು ಅನಿಸುತ್ತದೆ, ನಿಮಗೆ ಹೇಳಿದರೆ ಏನೆಂದುಕೊಳ್ಳುತ್ತೀರೋ ಎಂದು ಬಿಗಿಹಿಡಿದೇ ಓಡಿಸುತ್ತೇನೆ' ಎಂದರು." ಇಬ್ಬರೂ ಸೇರಿ ಒಂದು ಸನ್ನೆ ಮಾಡಿಕೊಂಡರು: ಎರಡು ಸಲ ಸೀಟಿ ಊದಿ ಕಂಬಿಯನ್ನು ತಟ್ಟಿದರೆ ಮುಂದಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲುವುದು. ಮುಂದಿನ ವಾರದ ಹಾಳೆಯಲ್ಲಿ ಭಯ ಮೂರು. ಆ ಸನ್ನೆಯನ್ನು ನಾಲ್ಕು ತಿಂಗಳಲ್ಲಿ ಬಳಸಿದ್ದು ಎರಡೇ ಸಲ, ಎರಡೂ ಸಲ ಚಾಲಕರಿಗಾಗಿ.

ರಾತ್ರಿ ಮನೆಯಲ್ಲಿ ಪತ್ನಿಗೂ ಆ ಹಳೆಯ ನಗುವಿನ ಸಂಗತಿ ಹೇಳಿದರಂತೆ. ಆಕೆ ಏನೂ ಅನ್ನದೆ ಎದ್ದು ಹೋಗಿ ಮರುದಿನದ ಅಂಬಲಿಗೆ ಹಿಟ್ಟು ಕಲಸಿಟ್ಟರು.

ಕಾಯಿಲೆ ಪೂರ್ತಿ ಹೋಗಿಲ್ಲ. ಮಗನ ಪರೀಕ್ಷೆಯ ತಿಂಗಳಲ್ಲಿ ಮತ್ತೆ ಕೆರಳಿತ್ತು, ಹತ್ತು ದಿನ ಕಷ್ಟಪಟ್ಟರು. ತೂಕ ಮೂರು ಕಿಲೋ ಮರಳಿದೆ. ಬದನೆಕಾಯಿ ಎಣ್ಣೆಗಾಯಿ ವಾರಕ್ಕೊಮ್ಮೆ ಇದೆ. ಹಸಿ ಈರುಳ್ಳಿ ಇಲ್ಲ.

ಒಂದು ವಿಷಯದಲ್ಲಿ ನನ್ನ ಸಲಹೆ ಕೈಕೊಟ್ಟಿತು. ಮೊದಲ ತಿಂಗಳು ಅವರು ವೇ-ಬಿಲ್ಲಿನ ಬೆನ್ನಿಗೆ ಬರೆದ ಒಂದು ನಕ್ಷೆ ತೋರಿಸಿದ್ದರು. ದಾರಿಯುದ್ದಕ್ಕೂ ಯಾವ ಬಂಕಿನ ಶೌಚಾಲಯಕ್ಕೆ ಬೀಗ, ಎಲ್ಲಿ ನೀರಿದೆ, ಯಾವ ಹೋಟೆಲಿನವರು ಗೊಣಗುವುದಿಲ್ಲ ಎಂಬುದೆಲ್ಲ ಅದರಲ್ಲಿತ್ತು. ಭಯವನ್ನು ಸಾಕುವ ಕಾಗದ ಅದು, ನಿಧಾನವಾಗಿ ಬಿಟ್ಟುಬಿಡಿ ಎಂದಿದ್ದೆ. ಕೊನೆಯ ಬಾರಿ ಬಂದಾಗ ಅದೇನಾಯಿತು ಎಂದು ಕೇಳಿದೆ. ಹೊಸ ಹಾಳೆಯಲ್ಲಿ ಅಂದವಾಗಿ ಬರೆದು, ಎರಡು ಕಡೆ ತಿದ್ದುಪಡಿ ಮಾಡಿ, ಜೆರಾಕ್ಸ್ ತೆಗೆಸಿ ಡಿಪೊದ ಇಬ್ಬರು ಮಹಿಳಾ ನಿರ್ವಾಹಕರಿಗೆ ಕೊಟ್ಟಿದ್ದಾರಂತೆ. ಅವರಿಬ್ಬರೂ ಡ್ಯೂಟಿಯ ದಿನ ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲವಂತೆ.